ಜೂನ್ 26ರ ಮೈಕು ಮತ್ತು ಒಂದು ಇಂಗ್ಲಿಷ್ ಹಾಡು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಕಾರವಾರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವ. ಮದುವೆ, ಮುಂಜಿ, ಯಕ್ಷಗಾನ, ಗಣಪತಿ, ಚುನಾವಣೆ ಭಾಷಣ, ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಸಭೆ, ಯಾರು ಕರೆದರೂ ಹೋಗುತ್ತೇನೆ. ಬೇರೆಯವರ ಮಾತು ಹಿಂದಿನ ಸಾಲಿಗೂ ಕೇಳುವ ಹಾಗೆ ಮಾಡುವುದು ನನ್ನ ಕೆಲಸ. ನಾನು ಮಾತಾಡುವುದು 'ಹಲೋ ಮೈಕ್ ಟೆಸ್ಟಿಂಗ್' ಅಷ್ಟೇ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಪತ್ರ ಉದ್ದ ಆಯ್ತು ಅನಿಸಿದರೆ ಕತ್ತರಿಸಿ. ಫೋನ್ ನಂಬರ್ ಇರುವ ಸಾಲನ್ನು ಮಾತ್ರ ಮುಟ್ಟಬೇಡಿ.

ಹೋದ ಡಿಸೆಂಬರಿನಲ್ಲಿ ಒಂದು ಕಾಲೇಜಿನ ಗ್ಯಾದರಿಂಗ್ ಇತ್ತು. ರಾತ್ರಿ ಎಂಟೂವರೆ ಆಗಿರಬೇಕು. ಡ್ಯಾನ್ಸೆಲ್ಲ ಮುಗಿದು ಮಕ್ಕಳಿಗೂ ಸುಸ್ತಾಗಿತ್ತು. ಒಬ್ಬ ಹುಡುಗ ಕೀಬೋರ್ಡ್ ಹೊತ್ತುಕೊಂಡು ವೇದಿಕೆಗೆ ಬಂದ. ಕೇಬಲ್ ಚುಚ್ಚಿದ ಕೂಡಲೇ ಗುಂಯ್ ಅಂತ ಸದ್ದು. ನಾನೇ ಓಡಿಹೋಗಿ ಬೇರೆ ಕೇಬಲ್ ಹಾಕಿಕೊಟ್ಟೆ. ನಿರೂಪಣೆ ಮಾಡುತ್ತಿದ್ದ ಹುಡುಗಿ, "ಇದು ಸ್ನೇಹದ ಹಾಡು, ನಮ್ಮೆಲ್ಲ ಫ್ರೆಂಡ್ಸಿಗೆ ಅರ್ಪಣೆ" ಅಂದಳು. ಹುಡುಗ ಮೊದಲ ನಾಲ್ಕು ಸ್ವರ ಒತ್ತಿದ. ಮಿಕ್ಸರ್ ಮೇಲಿದ್ದ ನನ್ನ ಕೈ ಅಲ್ಲೇ ನಿಂತಿತು.

ಹಾಡು 'ಹೌ ಟು ಸೇವ್ ಎ ಲೈಫ್'. ಮಕ್ಕಳೆಲ್ಲ ಮೊಬೈಲ್ ಟಾರ್ಚ್ ಹಚ್ಚಿ ಕೈ ಬೀಸಿದರು. ಹಿಂದಿನ ಬೆಂಚಿನ ಇಬ್ಬರು ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡು ತೂಗುತ್ತಿದ್ದರು. ಹುಡುಗ ಚೆನ್ನಾಗೇ ಹಾಡಿದ, ಸುಮ್ನೆ ಹೇಳುತ್ತಿಲ್ಲ. ಕಾರ್ಯಕ್ರಮ ಮುಗಿದು ವಯರ್ ಸುತ್ತುವಾಗ ಅವನನ್ನು ಕೇಳಿದೆ, "ತಮ್ಮಾ, ಈ ಹಾಡು ಎಂತದ್ದು ಅಂತ ಗೊತ್ತನ?" "ಫ್ರೆಂಡ್‌ಶಿಪ್ ಸಾಂಗ್ ಅಂಕಲ್, ರೀಲ್ಸಲ್ಲಿ ತುಂಬಾ ಬರ್ತದೆ" ಅಂದ. ಹುಡುಗನ ತಪ್ಪೇನಿಲ್ಲ. 2007ರಲ್ಲಿ ಅದೇ ನಾಲ್ಕು ಸ್ವರ ನಾನು ನುಡಿಸುತ್ತಿದ್ದಾಗ ನನಗೂ ಗೊತ್ತಿರಲಿಲ್ಲ.

ಆ ರಾತ್ರಿ ಗೋಡೌನಿನ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಹುಡುಕಿ ಓದಿದೆ. ಅಮೆರಿಕದ ಡೆನ್ವರಿನ 'ದಿ ಫ್ರೇ' ಎಂಬ ಬ್ಯಾಂಡಿನವರ ಹಾಡು. ಆಲ್ಬಮ್ ಬಂದದ್ದು 2005ರಲ್ಲಿ. 'ಗ್ರೇಸ್ ಅನಾಟಮಿ' ಅನ್ನುವ ಆಸ್ಪತ್ರೆ ಕತೆಯ ಟಿವಿ ಧಾರಾವಾಹಿಯಲ್ಲಿ ಹಾಕಿದ ಮೇಲೆ 2006ರಲ್ಲಿ ಎಲ್ಲ ಕಡೆ ಹಬ್ಬಿ, ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. ಒಂದು ವರ್ಷಕ್ಕಿಂತ ಜಾಸ್ತಿ ಪಟ್ಟಿಯಲ್ಲೇ ಇತ್ತು. ಹಾಡುಗಾರ ಐಸಾಕ್ ಸ್ಲೇಡ್ ದಾರಿ ತಪ್ಪಿದ ಹುಡುಗರ ಒಂದು ಶಿಬಿರದಲ್ಲಿ ಅವರ ಜೊತೆಗಾರನಾಗಿ ಕೆಲಸ ಮಾಡಿದ್ದ. ಅಲ್ಲಿ ಅವನ ಪಾಲಿಗೆ ಬಂದ ಒಬ್ಬ ಹುಡುಗನೂ ಸಂಗೀತದವನೇ. ಡ್ರಗ್ಸ್ ಹಿಡಿದಿದ್ದ. ಮನೆಯವರು, ಗೆಳೆಯರು ಎಲ್ಲರೂ ಅವನಿಗೆ ಹೇಳುತ್ತಿದ್ದದ್ದು ಒಂದೇ ಮಾತು: ಅದನ್ನು ಬಿಡು, ಬಿಡದಿದ್ದರೆ ನಮ್ಮ ಜೊತೆ ಮಾತಾಡಬೇಡ. ಹುಡುಗ ಒಬ್ಬೊಬ್ಬರನ್ನೇ ಕಳೆದುಕೊಂಡ. ಏನು ಹೇಳಬೇಕು ಅಂತ ಸ್ಲೇಡನಿಗೂ ತಿಳಿಯಲಿಲ್ಲ. ಹಾಡಿನಲ್ಲಿ ಅವನು ಆ ಹುಡುಗನಿಗೆ ಬೈದಿಲ್ಲ. ಬುದ್ಧಿ ಹೇಳಲು ಹೋಗಿ ಗೆಳೆಯನನ್ನೇ ಕಳೆದುಕೊಂಡವನ ಹಾಡು ಅದು.

ಅಂಥವನೊಬ್ಬ ನಾನು.

ಆಗ ನಮ್ಮದೊಂದು ಆರು ಜನರ ಆರ್ಕೆಸ್ಟ್ರಾ ಇತ್ತು. ನನ್ನದು ಕೀಬೋರ್ಡ್, ಅವನದು ಗಿಟಾರ್. ಹೆಸರು ಬೇಡ, ಅವನ ಆಯಿ, ಅಂದರೆ ಅಮ್ಮ, ಇದೇ ಊರಲ್ಲಿ ಇದ್ದಾರೆ. ನಾವೆಲ್ಲ ಅವನನ್ನು ಮಾಸ್ತರ ಅನ್ನುತ್ತಿದ್ದೆವು, ಯಾಕೆಂದರೆ ಯಾವ ಹಾಡನ್ನೂ ಒಂದು ಸಲ ಕೇಳಿದರೆ ಸಾಕು, ಕೂತು ಎಲ್ಲರಿಗೂ ಕಲಿಸಿಬಿಡುತ್ತಿದ್ದ. ಮಡಗಾಂವಿಗೆ ರೈಲಿನಲ್ಲಿ ಹೋಗಿ ಎಂಪಿ3 ಸಿಡಿ ತರುತ್ತಿದ್ದ. ಒಂದು ಸಿಡಿಯಲ್ಲಿ ನೂರೈವತ್ತು ಹಾಡು. ಈ ಹಾಡು ಬಂದದ್ದೂ ಹಾಗೆಯೇ. ಜಾತ್ರೆಯಲ್ಲಿ ಇದನ್ನು ಯಾರು ಕೇಳುತ್ತಾರೆ? ಅಲ್ಲಿ ಹಳೆ ಚಿತ್ರಗೀತೆ ಬೇಕು, ಕಡೆಗೆ ಒಂದು ಕೊಂಕಣಿ ಹಾಡು ಬೇಕು. ಹಾಗಾಗಿ ಇದನ್ನು ನಾವು ನಮಗೋಸ್ಕರ ಟೆಂಪೊ ಶೆಡ್ಡಿನಲ್ಲಿ ಮಾತ್ರ ನುಡಿಸುತ್ತಿದ್ದೆವು.

ಮೊದಲು ಗಾಂಜಾ. ಅದನ್ನು ನಾವೂ ಎಳೆದಿದ್ದೇವೆ, ಸುಳ್ಳು ಯಾಕೆ ಹೇಳಲಿ. ಎರಡು ಸೀಸನ್ ಅವನು ಗೋವಾದಲ್ಲಿ ನುಡಿಸಲು ಹೋದ. ಬರುವಾಗ ಪುಡಿಯ, ಅಂದರೆ ಹೆರಾಯಿನ್ನಿನ, ಚಟ ಅಂಟಿಸಿಕೊಂಡು ಬಂದಿದ್ದ. ನಮಗೆ ಗೊತ್ತಾಗಲು ವರ್ಷ ಬೇಕಾಯಿತು.

2010ರ ಶಿರಸಿ ಮಾರಿಕಾಂಬಾ ಜಾತ್ರೆಗೆ ಹೋಗಿದ್ದೆವು. ಕಾರ್ಯಕ್ರಮ ಮುಗಿಸಿ ದೇವಿಮನೆ ಘಟ್ಟ ಇಳಿಯುವಾಗ ಬೆಳಗಿನ ಜಾವ ನಾಲ್ಕು ಗಂಟೆ. ಟೆಂಪೊದ ಹಿಂದೆ ಸ್ಪೀಕರ್ ಡಬ್ಬಿಗಳ ನಡುವೆ ಅವನು ವೇದಿಕೆಯ ಜಮಖಾನ ಹೊದ್ದು ಮುದುಡಿ ಕೂತಿದ್ದ. ಸಾಲಾಗಿ ಆಕಳಿಕೆ. ಮೂಗು, ಕಣ್ಣು ಎರಡೂ ಸೋರುತ್ತಿದ್ದವು. ಡಬ್ಬಿಯ ಮೇಲೆ ಟಾರ್ಚ್ ಇತ್ತು, ಆ ಬೆಳಕಲ್ಲಿ ಅವನ ತೋಳು ನೋಡಿದೆ, ಕೂದಲೆಲ್ಲ ನಿಂತು, ಕೋಳಿ ಪುಕ್ಕ ಕಿತ್ತಾಗ ಚರ್ಮ ಕಾಣುತ್ತದಲ್ಲ, ಹಾಗೆ ಕಾಣುತ್ತಿತ್ತು. ಒಮ್ಮೆ ಬೆವರು, ಒಮ್ಮೆ ನಡುಕ. ಶಿರಸಿಯ ಮಂಜಿಗೆ ಶೀತ ಆಗಿದೆ ಅಂದುಕೊಂಡೆ. ಕುಮಟಾದಲ್ಲಿ ಟೆಂಪೊ ನಿಲ್ಲಿಸಿ ಶುಂಠಿ ಚಹಾ ಕುಡಿಸಿದೆ. ಪುಡಿ ಸಿಗದಿದ್ದರೆ ಮೈ ಹೀಗೆ ಮಾಡುತ್ತದೆ, ಅದು ಆ ರೋಗದ ಲಕ್ಷಣ ಅಂತ ಗೊತ್ತಾದದ್ದು ಎಷ್ಟೋ ಆಮೇಲೆ. ಅವನು ಚಹಾ ಕುಡಿದು, ಲೋಟ ಕೆಳಗಿಟ್ಟು, "ಮಾರಾಯಾ, ಒಂದು ಇನ್ನೂರು ರೂಪಾಯಿ ಇದ್ದರೆ ಕೊಡು" ಅಂದ. ಕೊಟ್ಟೆ.

ಮುಂದಿನ ಮಳೆಗಾಲದಲ್ಲಿ ನನ್ನ ಎರಡು ಶ್ಯೂರ್ ಕಂಪನಿಯ ಮೈಕು ಕಾಣೆಯಾದವು. ಸಾಲ ಮಾಡಿ ತಂದ ಮೈಕು. ಮೈಕ್‌ಸೆಟ್ಟಿನವನಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಕದ್ದದ್ದು ಯಾರು ಅಂತ ಹುಡುಕುವ ಕೆಲಸವೂ ಇರಲಿಲ್ಲ. ಅವನೇ ಬಂದು ಹೇಳಿದ.

ಕೋಡಿಬಾಗದಲ್ಲಿ ಕಾಳಿ ಸೇತುವೆಯ ಹತ್ತಿರ ದಡದಲ್ಲಿ ನಿಂತಿದ್ದೆವು. ಆ ಹಳೆ ಸೇತುವೆ ಈಗಿಲ್ಲ, 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದದ್ದನ್ನು ನಿಮ್ಮ ಓದುಗರೆಲ್ಲ ಬಲ್ಲರು. ಅವನು ತಲೆ ತಗ್ಗಿಸಿ ನಿಂತಿದ್ದ. ನಾನು ಮೊದಲೇ ತಯಾರು ಮಾಡಿಕೊಂಡು ಹೋಗಿದ್ದೆ, ಭಾಷಣದ ಹಾಗೆ. ಆಯಿಯ ಹೆಸರು ತೆಗೆದೆ, ಸತ್ತ ಅಪ್ಪನ ಹೆಸರು ತೆಗೆದೆ. ಕೊನೆಗೆ ಅಂದೆ, "ಇದನ್ನು ಬಿಟ್ಟು ಬಂದರೆ ಬಾ. ಇಲ್ಲದಿದ್ದರೆ ನನಗೆ ಮುಖ ತೋರಿಸಬೇಡ." ಅವನು ಹೆಗಲಿಂದ ಗಿಟಾರ್ ಇಳಿಸಿ, "ಮೈಕಿನ ಬದಲಿಗೆ ಇಟ್ಕೋ" ಅಂದ. ತಗೊಂಡೆ. ತಗೊಂಡು ಬಂದೆ, ಅದೇ ಈಗಲೂ ನನ್ನನ್ನು ಕಾಡುವುದು. ಬೈದದ್ದು ಅಷ್ಟು ಕಾಡುವುದಿಲ್ಲ. ಕಳ್ಳತನ ಮಾಡಿದವನಿಗೆ ಬೈಯದೆ ಇರಲು ನಾನೇನು ಸಂತನಾ? ಮನೆಯ ತಿಜೋರಿಗೆ ಬೀಗ ಹಾಕಬೇಡಿ ಅಂತ ಯಾವ ಆಯಿಗೂ ನಾನು ಹೇಳುವುದಿಲ್ಲ. ಆದರೆ ಅವನ ಕೈಯಲ್ಲಿ ಉಳಿದಿದ್ದದ್ದು ಅದೊಂದೇ. ಅದನ್ನೂ ಇಸಿದುಕೊಂಡು, ಬಿಟ್ಟು ಬಾ ಅಂದೆ. ಎಲ್ಲಿಗೆ ಹೋಗಿ, ಯಾರ ಹತ್ತಿರ, ಹೇಗೆ ಬಿಡಬೇಕು ಅಂತ ನಾನೂ ಹೇಳಲಿಲ್ಲ, ನನಗೆ ಗೊತ್ತಿದ್ದರೆ ತಾನೆ.

ಗೊತ್ತು ಮಾಡಿಕೊಂಡವರು ನಮ್ಮ ಟೆಂಪೊ ಡ್ರೈವರ್ ಅಣ್ಣ. ಅಂಕೋಲಾ ಕಡೆಯವರು, ಶಾಲೆ ನಾಲ್ಕನೇ ಕ್ಲಾಸಿಗೆ ಬಿಟ್ಟವರು. ಒಂದು ಕಾಲದಲ್ಲಿ ಜೋರಾಗಿ ಕುಡಿಯುತ್ತಿದ್ದರು, ಆಮೇಲೆ ಬಿಟ್ಟಿದ್ದರು. ಅವರು ಮಾಸ್ತರನಿಗೆ ಒಂದು ದಿನವೂ ಉಪದೇಶ ಮಾಡಲಿಲ್ಲ. ಸಂಜೆ ಗಾಡಿ ನಿಲ್ಲಿಸಿ ಅವನ ಮನೆ ಜಗುಲಿಗೆ ಹೋಗಿ ಕೂರುತ್ತಿದ್ದರು. ಕೆಲವು ದಿನ ನಾಲ್ಕು ಬಂಗಡೆ ಕಟ್ಟಿಸಿಕೊಂಡು ಹೋಗಿ ಆಯಿ ಕೈಯಲ್ಲಿ ಕೊಡುತ್ತಿದ್ದರು. ಅವನು ಒಳಗೆ ಬಾಗಿಲು ಹಾಕಿಕೊಂಡಿದ್ದರೂ ಇವರು ಒಂದು ತಾಸು ಕೂತು, ಕ್ರಿಕೆಟ್ಟು, ಮಳೆ, ಡೀಸೆಲ್ ರೇಟು ಅಂತ ಬಾಗಿಲಿಗೆ ಕೇಳುವ ಹಾಗೆ ಮಾತಾಡಿ ಎದ್ದು ಬರುತ್ತಿದ್ದರು. ನಾವು ನಗಾಡುತ್ತಿದ್ದೆವು. ಸುಮಾರು ಏಳೆಂಟು ತಿಂಗಳು ಹೀಗೇ ನಡೆಯಿತು. ಒಂದು ದಿನ ಬಾಗಿಲು ತೆಗೆದು ಅವನೇ ಕೇಳಿದನಂತೆ, "ಅಣ್ಣಾ, ನೀವು ಎಲ್ಲಿಗೆ ಹೋಗಿ ಬಿಟ್ರಿ?"

ಆಸ್ಪತ್ರೆ ಅಂದ ಕೂಡಲೇ ಆಯಿ ಹೆದರಿದರು. ಡಾಕ್ಟರು ಪೊಲೀಸರಿಗೆ ಹೇಳುತ್ತಾರೆ, ಹುಡುಗ ಜೈಲಿಗೆ ಹೋಗುತ್ತಾನೆ, ಪೇಪರಿನಲ್ಲಿ ಫೋಟೊ ಬರುತ್ತದೆ. ಇದೊಂದೇ ಹೆದರಿಕೆಯಿಂದ ಅವರು ಎರಡು ವರ್ಷ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಡ್ರೈವರ್ ಅಣ್ಣ ಯಾರೋ ವಕೀಲರನ್ನು ಕೇಳಿಕೊಂಡು ಬಂದರು. ನಾನೂ ಈಗ ಓದಿ ನೋಡಿದೆ. ಎನ್‌ಡಿಪಿಎಸ್ ಅಂತ ನಾವು ಕರೆಯುವ 1985ರ ಮಾದಕ ವಸ್ತು ಕಾಯ್ದೆಯಲ್ಲೇ 64ಎ ಅಂತ ಒಂದು ಕಲಂ ಇದೆ. ಸೇವಿಸಿದ್ದಕ್ಕೆ ಅಥವಾ ತೀರಾ ಸಣ್ಣ ಪ್ರಮಾಣ ಇಟ್ಟುಕೊಂಡದ್ದಕ್ಕೆ ಕೇಸಾದ ವ್ಯಸನಿ, ತಾನಾಗಿ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಕೇಂದ್ರಕ್ಕೆ ಹೋಗಿ ಚಿಕಿತ್ಸೆ ತಗೊಂಡರೆ, ಆ ಕೇಸಿನ ವಿಚಾರಣೆಯಿಂದ ಅವನಿಗೆ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೇ ಬಿಟ್ಟರೆ ರಕ್ಷಣೆಯೂ ಹೋಗಬಹುದು. ಮಾರುವವರಿಗೆ ಇದು ಅನ್ವಯಿಸುವುದಿಲ್ಲ, ಅನ್ವಯಿಸಲೂಬಾರದು. ಕೇಸೇ ಇಲ್ಲದೆ ಸುಮ್ನೆ ಚಿಕಿತ್ಸೆಗೆ ಹೋಗುವವನು ಹೆದರಬೇಕಾದ್ದು ಏನಿದೆ ಹೇಳಿ. ಇಷ್ಟು ಸಣ್ಣ ವಿಷಯ ಆ ಆಯಿಗೆ ಎರಡು ವರ್ಷ ಯಾರೂ ಹೇಳಲಿಲ್ಲ. ಆ ಎರಡು ವರ್ಷ ಜೂನ್ 26ಕ್ಕೆ ಇದೇ ಊರಿನಲ್ಲಿ ಮೈಕು ಹಾಕಿದವ ನಾನು.

ಅಣ್ಣ ಮತ್ತು ಆಯಿ ಅವನನ್ನು ಬಸ್ಸಿನಲ್ಲಿ ಅರಬೈಲ್ ಘಟ್ಟ ಹತ್ತಿಸಿ ಧಾರವಾಡದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇದು ಕಾಯಿಲೆ, ಔಷಧ ಇದೆ, ಕೆಲವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ ಅಂತ ಡಾಕ್ಟರು ಹೇಳಿದರಂತೆ. ಇನ್ನೊಂದು ಮಾತು ಹೇಳಿದ್ದನ್ನು ಅಣ್ಣ ಎಲ್ಲರಿಗೂ ಹೇಳುತ್ತಾರೆ, ನಾನೂ ಇಲ್ಲಿ ಬರೆಯುತ್ತೇನೆ. ಪುಡಿ ಬಿಟ್ಟು ಕೆಲವು ವಾರ ಆದ ಮೇಲೆ ಮೈಗೆ ಹಳೆಯ ತಾಕತ್ತು ಇರುವುದಿಲ್ಲ. ಆಗ ಯಾವುದೋ ಬೇಜಾರಿನಲ್ಲಿ ಮತ್ತೆ ಹಳೆ ಅಳತೆಯಲ್ಲೇ ತಗೊಂಡರೆ ಜೀವಕ್ಕೇ ಅಪಾಯ. ಹಾಗಾಗಿ ಬಿಟ್ಟು ಬಂದವನನ್ನು 'ಈಗ ಸರಿ ಆದನಲ್ಲ' ಅಂತ ಒಂಟಿಯಾಗಿ ಬಿಡಬಾರದು. ನಾನು ಅವನಿಗೆ ಹಾಕಿದ ಷರತ್ತು ಏನಿತ್ತು? ಒಬ್ಬನೇ ಹೋಗಿ ಬಿಟ್ಟು ಬಾ. ಎಲ್ಲಕ್ಕಿಂತ ಅಪಾಯದ ದಾರಿಯನ್ನೇ ತೋರಿಸಿದ್ದೆ.

ಮಾಸ್ತರ ಎರಡು ಸಲ ಮತ್ತೆ ಜಾರಿದ. ಎರಡು ಸಲವೂ ಅಣ್ಣ ಜಗುಲಿಗೆ ಹೋಗಿ ಕೂತರು. ಈಗ ಸುಮಾರು ವರ್ಷಗಳಿಂದ ಸರಿ ಇದ್ದಾನೆ, ಬೇರೆ ಜಿಲ್ಲೆಯಲ್ಲಿ ಕೆಲಸ. ನನ್ನ ಜೊತೆ ಮಾತಿಲ್ಲ. ಜಗಳವೂ ಇಲ್ಲ. ಮುಖ ತೋರಿಸಬೇಡ ಅಂದಿದ್ದೆ, ತೋರಿಸಲಿಲ್ಲ.

ಹಾಡಿನ ವಿಷಯ ಓದುವಾಗ ಇನ್ನೊಂದು ಹಳೆ ಹಾಡಿನ ಕತೆಯೂ ಸಿಕ್ಕಿತು. ನೀಲ್ ಯಂಗ್ ಎಂಬ ಹಾಡುಗಾರ ತನ್ನ ಜೊತೆ ಗಿಟಾರ್ ನುಡಿಸುತ್ತಿದ್ದ ಡ್ಯಾನಿ ವಿಟನ್‌ನ ಹೆರಾಯಿನ್ ಚಟ ನೋಡಿ ಬರೆದ ಹಾಡು 1972ರ ಫೆಬ್ರುವರಿಯಲ್ಲೇ ರೆಕಾರ್ಡಿನಲ್ಲಿ ಬಂದಿತ್ತು. ಅದೇ ವರ್ಷ ನವೆಂಬರಿನಲ್ಲಿ, ಪ್ರಾಕ್ಟೀಸಿಗೆ ಬಂದ ವಿಟನ್‌ಗೆ ನುಡಿಸಲು ಆಗುತ್ತಿಲ್ಲ ಅಂತ ಕೈಯಲ್ಲಿ 50 ಡಾಲರ್, ಒಂದು ವಿಮಾನದ ಟಿಕೆಟ್ ಕೊಟ್ಟು ಕಳಿಸಿದರು. ಆ ರಾತ್ರಿಯೇ ಅವನು ತೀರಿಕೊಂಡ. ಓದಿ ಫೋನ್ ಆಫ್ ಮಾಡಿಟ್ಟೆ. ನಮ್ಮಲ್ಲಿ ಜಗುಲಿಗೆ ಹೋಗಿ ಕೂರುವವರು ಒಬ್ಬರಿದ್ದರು, ಅದಕ್ಕೆ ನಾನು ಬಚಾವಾದೆ.

ಈಗ ಜೂನ್ 26ಕ್ಕೆ ಬರುತ್ತೇನೆ. ವಿಶ್ವಸಂಸ್ಥೆ 1987ರಲ್ಲಿ ಗೊತ್ತು ಮಾಡಿದ ಮಾದಕ ವಸ್ತು ವಿರೋಧಿ ದಿನ ಅದು. ನಮ್ಮ ಕರಾವಳಿಯಲ್ಲಿ ಅವತ್ತು ಮಳೆ ಗ್ಯಾರಂಟಿ. ಶಾಲೆ ಮಕ್ಕಳು ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಡ್ರಾಯಿಂಗ್ ಶೀಟಿನ ಬೋರ್ಡು ಹಿಡಿದು ನಡೆಯುತ್ತಾರೆ. ಅರ್ಧ ದಾರಿಯಲ್ಲಿ ಸ್ಕೆಚ್ ಪೆನ್ ಬಣ್ಣ ಇಳಿದು ಬಿಳಿ ಅಂಗಿಗೆ ಹತ್ತಿರುತ್ತದೆ. ನಾನು ಸ್ಪೀಕರಿಗೆ ತಾಡಪತ್ರಿ ಕಟ್ಟಿಕೊಂಡು ರಿಕ್ಷಾದಲ್ಲಿ ಹಿಂದೆ ಹೋಗುತ್ತೇನೆ. ಆಮೇಲೆ ಸಭಾಂಗಣದಲ್ಲಿ ಸ್ವಾಗತ, ದೀಪ, ಹೂಗುಚ್ಛ, ಭಾಷಣ. ಇಷ್ಟು ವರ್ಷದಲ್ಲಿ ನಾನು ಕೇಳಿದ ಭಾಷಣಗಳ ಸಾರ ಇಷ್ಟೇ: ವ್ಯಸನಿಗಳ ಸಹವಾಸ ಬೇಡ, ಅಂಥವರಿಂದ ದೂರ ಇರಿ, ಕಠಿಣ ಶಿಕ್ಷೆ ಆಗುತ್ತದೆ. ಕೋಡಿಬಾಗದ ದಡದಲ್ಲಿ ನಾನು ಆಡಿದ ಮಾತೇ ಅದು, ಮೈಕಿನಲ್ಲಿ. ಮುನ್ನೂರು ಮಕ್ಕಳು ಕೂತಿರುವ ಸಭೆಯಲ್ಲಿ ಒಂದು ಮಗುವಿನ ಅಣ್ಣನೋ ಮಾವನೋ ಅದೇ ಚಟದಲ್ಲಿ ಇರಲಿಕ್ಕಿಲ್ಲವಾ? ಆ ಮಗು ಮನೆಗೆ ಹೋಗಿ ಏನು ಮಾಡಬೇಕು? ದೂರ ಇರಬೇಕಾ?

ಮೈಕಿನ ಎದುರು ನಿಲ್ಲುವ ಹಿರಿಯರಿಗೆ ನನ್ನದೊಂದು ಕೋರಿಕೆ. ಭಾಷಣ ನಿಮ್ಮ ಇಷ್ಟದಂತೆ ಮಾಡಿ. ಅದರ ನಡುವೆ ಈ ನಂಬರನ್ನು ಮೂರು ಸಲ ನಿಧಾನಕ್ಕೆ ಓದಿ: 14446. ವ್ಯಸನ ಬಿಡಿಸುವ ಬಗ್ಗೆ ಮಾಹಿತಿ ಕೊಡುವ ರಾಷ್ಟ್ರೀಯ ಸಹಾಯವಾಣಿ ಇದು, ಮನೆಯವರೂ ಫೋನ್ ಮಾಡಬಹುದು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ, ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನಕ್ಕೇ ಪ್ರತ್ಯೇಕ ಕೇಂದ್ರ ಇದೆ ಅಂತ ಹೇಳಿ. 64ಎ ಕಲಮನ್ನು ಪೊಲೀಸ್ ಅಧಿಕಾರಿಗಳೇ ತಮ್ಮ ಬಾಯಿಂದ ಹೇಳಲಿ. ಅವರು ಹೇಳಿದರೆ ಆಯಂದಿರು ನಂಬುತ್ತಾರೆ.

ನಿಮಗೂ ಒಂದು ಮಾತು ಸಂಪಾದಕರೇ, ಬೇಜಾರು ಮಾಡಿಕೊಳ್ಳಬೇಡಿ. ನೂರು ಗ್ರಾಂ ಗಾಂಜಾ ಹಿಡಿದರು ಅಂತ ಇಪ್ಪತ್ತು ವರ್ಷದ ಹುಡುಗರನ್ನು ಸಾಲಾಗಿ ನಿಲ್ಲಿಸಿದ ಫೋಟೊಗಳು ಪತ್ರಿಕೆಗಳಲ್ಲಿ ಬರುತ್ತವೆ. ಮೇಜಿನ ಮೇಲೆ ಪೊಟ್ಟಣ, ಹಿಂದೆ ಹುಡುಗರು, ಅವರ ಹಿಂದೆ ಪೊಲೀಸರು. ಕ್ವಿಂಟಲ್‌ಗಟ್ಟಲೆ ಸಾಗಿಸುವವನ ಫೋಟೊ ಹಾಕಿ, ಬೇಡ ಅನ್ನುವವರು ಯಾರು. ಸೇದಿ ಸಿಕ್ಕಿಬಿದ್ದ ಹುಡುಗನ ಫೋಟೊ ಹಾಕಿದ ದಿನ, ಅಂಥದೇ ಇನ್ನೊಬ್ಬ ಹುಡುಗನ ಆಯಿ ಪೇಪರ್ ಮಡಚಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಒಂದು ಮನೆಯಲ್ಲಿ ಅದನ್ನು ನೋಡಿದ್ದೇನೆ.

ಗ್ಯಾದರಿಂಗಿನಲ್ಲಿ ಹಾಡಿದ ಆ ಹುಡುಗ ಮೊನ್ನೆ ಅಂಗಡಿಗೆ ಬಂದಿದ್ದ, ಕೇಬಲ್ ಬೇಕು ಅಂತ. ಹಾಡಿನ ಕತೆ ಹೇಳಿದೆ, ಮಾಸ್ತರನ ಕತೆ ಹೇಳಲಿಲ್ಲ. ಅವನು ಗೋಡೆಗೆ ನೇತು ಹಾಕಿದ್ದ ಗಿಟಾರ್ ನೋಡಿ, "ಅಂಕಲ್, ಇದು ಮಾರಲಿಕ್ಕಾ?" ಅಂದ. ಸಮುದ್ರದ ಗಾಳಿಗೆ ತಂತಿಯೆಲ್ಲ ತುಕ್ಕು ಹಿಡಿದು ಕೆಂಪಾಗಿದೆ. ಇಲ್ಲ, ಬೇರೆಯವರದ್ದು, ಇಟ್ಟು ಹೋಗಿದ್ದಾರೆ ಅಂದೆ. ಅವನು ಹೋದ ಮೇಲೆ ಹೊಸ ತಂತಿ ತರಿಸಲು ಹುಬ್ಬಳ್ಳಿಗೆ ಫೋನ್ ಮಾಡಿದೆ. ಮಾಸ್ತರನ ನಂಬರು ಡ್ರೈವರ್ ಅಣ್ಣನ ಹತ್ತಿರ ಇದೆ.

ಬರುವ ಜೂನ್ 26ಕ್ಕೆ ಕಾರವಾರ, ಅಂಕೋಲಾ ತಾಲೂಕಿನ ಯಾವ ಶಾಲೆ, ಕಾಲೇಜು, ಯುವಕ ಮಂಡಳದವರು ಕರೆದರೂ ನನ್ನ ಮೈಕ್‌ಸೆಟ್ ಬಾಡಿಗೆ ಇಲ್ಲದೆ ಕೊಡುತ್ತೇನೆ. ಷರತ್ತು ಒಂದೇ, ಆ ನಂಬರ್ ಮೂರು ಸಲ ಓದಬೇಕು. ಕರೆಂಟ್ ಹೋದರೆ ಜನರೇಟರೂ ತರುತ್ತೇನೆ. ಡೀಸೆಲ್ ಮಾತ್ರ ನಿಮ್ಮದು.

ಇಂತಿ,
ಒಬ್ಬ ಮೈಕ್‌ಸೆಟ್ಟಿನವ,
ಕೋಡಿಬಾಗ, ಕಾರವಾರ